ಒಂದೇ ಬೆಂಚು, ಎರಡು ರಿಸಲ್ಟ್: ಭೀಮಾ ದಂಡೆಯ ಮಕ್ಕಳ ಓದನ್ನು ತೀರ್ಮಾನಿಸೋದು ತಲೆಯೋ, ಮನೆಯೋ, ಸಾಲಿಯೋ?

ದೇವಣಗಾಂವ: ಒಂದೇ ಸಾಲಿ, ಒಂದೇ ಬೆಂಚು, ಅದೇ ಮಾಸ್ತರು, ಸರ್ಕಾರ ಕೊಟ್ಟ ಅದೇ ಪುಸ್ತಕ. ಇಬ್ಬರು ಹುಡುಗರು ಒಂದೇ ದಿನ ಒಂದನೇ ಕ್ಲಾಸಿಗೆ ಹೆಸರು ಹಚ್ಚಿದರು ಎಂದಿಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಬರುತ್ತೆ. ಒಬ್ಬ ಸೈನ್ಸ್ ಓದಲು ವಿಜಯಪುರಕ್ಕೆ ಹೋಗ್ತಾನೆ. ಇನ್ನೊಬ್ಬ ಗಣಿತ, ಇಂಗ್ಲಿಷ್‌ನಲ್ಲಿ ಫೇಲಾಗಿ ಪುಣೆ ಬಸ್ ಹತ್ತುತ್ತಾನೆ.

ಇದಕ್ಕೆ ಊರ ಕಟ್ಟೆ ಮೇಲೆ ಸಿಗೋ ಉತ್ತರ ಒಂದೇ: "ಅವನ ತಲಿ ಚಲೋ ಐತಿ, ಇವನ ತಲ್ಯಾಗ ಏನೂ ಹೋಗಂಗಿಲ್ಲ."

ಆದರೆ ಅಷ್ಟೇನಾ? ಮಕ್ಕಳ ಓದಿನ ಬಗ್ಗೆ ಜಗತ್ತಿನಲ್ಲಿ ಆರು ದಶಕಗಳಿಂದ ನಡೆದಿರೋ ಅಧ್ಯಯನಗಳು ಬೇರೆಯದನ್ನೇ ಹೇಳ್ತವೆ. ಮಗು ಯಾವ ಮನೆಯಿಂದ ಬಂತು, ಸಾಲಿಯೊಳಗೆ ಅದಕ್ಕೆ ಯಾರು ಸಿಕ್ಕರು, ಮನೆಗೂ ಸಾಲಿಗೂ ಎಷ್ಟು ಬಳಕೆ ಇದೆ ಅನ್ನೋ ಮೂರು ಸಂಗತಿ ಸೇರಿ ರಿಸಲ್ಟ್ ಆಗುತ್ತೆ. ಈ ಮೂರೂ ನಮ್ಮ ಭಾಗದಲ್ಲಿ ಹೇಗೆ ಕೆಲಸ ಮಾಡ್ತವೆ? ಒಂದೊಂದಾಗಿ ನೋಡೋಣ.

ಮೊದಲು ಲೆಕ್ಕ

2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. ಕೃಪಾಂಕ ಹೆಚ್ಚಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. 2025ರಲ್ಲಿ 8,42,173 ಮಕ್ಕಳು ಬರೆದು 5,24,984 ಮಂದಿ ಪಾಸಾದರು, ಅಂದರೆ ಶೇ 62.34.

ಅದೇ 2025ರಲ್ಲಿ ದಕ್ಷಿಣ ಕನ್ನಡ ಶೇ 91.12 ಪಡೆದು ಮೊದಲ ಸ್ಥಾನದಲ್ಲಿದ್ದರೆ, ದೇವಣಗಾಂವ ಸೇತುವೆ ದಾಟಿದರೆ ಸಿಗೋ ಕಲಬುರಗಿ ಜಿಲ್ಲೆ ಶೇ 42.43 ಪಡೆದು ಕಡೆಯ ಸ್ಥಾನಕ್ಕೆ ಬಂತು. ನಮ್ಮ ವಿಜಯಪುರ ಜಿಲ್ಲೆಯೂ ಆ ವರ್ಷ ಕೆಳಗಿನ ಸಾಲಿನಲ್ಲೇ ಇತ್ತು.

ಮಂಗಳೂರು ಕಡೆ ಹುಟ್ಟಿದ ಮಕ್ಕಳ ತಲೆ ಬೇರೆ, ಭೀಮಾ ದಂಡೆಯ ಮಕ್ಕಳ ತಲೆ ಬೇರೆ ಅಂತ ಯಾರೂ ಹೇಳೋಕಾಗಲ್ಲ. ಪಠ್ಯ ಒಂದೇ, ಪ್ರಶ್ನೆಪತ್ರಿಕೆ ಒಂದೇ. ಹಾಗಾದರೆ ವ್ಯತ್ಯಾಸ ಇರೋದು ಮಕ್ಕಳ ಸುತ್ತ.

ಮನೆ ಅಂದರೆ ಬರೀ ರೊಕ್ಕ ಅಲ್ಲ

1966ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞನ ತಂಡ ಸುಮಾರು 4 ಸಾವಿರ ಶಾಲೆಗಳ 6 ಲಕ್ಷ ಮಕ್ಕಳನ್ನು ಪರಿಶೀಲಿಸಿ ಸರ್ಕಾರಕ್ಕೆ ವರದಿ ಕೊಟ್ಟಿತು. ಶಾಲಾ ಕಟ್ಟಡ, ಪುಸ್ತಕ, ಖರ್ಚು ಹೆಚ್ಚಿದ್ದಲ್ಲಿ ಮಕ್ಕಳು ತಾವಾಗಿಯೇ ಮುಂದಿರ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ವರದಿ ಹೇಳಿದ್ದು ಬೇರೆ: ಕಟ್ಟಡಕ್ಕಿಂತ ಮಗುವಿನ ಮನೆಯ ಹಿನ್ನೆಲೆ ಮತ್ತು ಪಕ್ಕದ ಬೆಂಚಿನಲ್ಲಿ ಕೂರೋ ಮಕ್ಕಳ ಹಿನ್ನೆಲೆ ಹೆಚ್ಚು ಪರಿಣಾಮ ಮಾಡುತ್ತೆ.

ಜೊತೆಗೆ ಇನ್ನೊಂದು ಮಾತೂ ಅದರಲ್ಲಿತ್ತು. ಚಲೋ ಮಾಸ್ತರು ಸಿಕ್ಕರೆ ಹೆಚ್ಚು ಲಾಭ ಆಗೋದು ಹಿಂದುಳಿದ ಮನೆಯ ಮಗುವಿಗೇ. ಓದಿದ ಮನೆಯ ಮಗು ಹೇಗೋ ದಾಟುತ್ತೆ, ಓದು ಇಲ್ಲದ ಮನೆಯ ಮಗುವಿಗೆ ಸಾಲಿ ಒಂದೇ ಆಸರೆ.

2011ರ ಜನಗಣತಿ ಪ್ರಕಾರ ವಿಜಯಪುರ ಜಿಲ್ಲೆಯ ಸಾಕ್ಷರತೆ ಶೇ 67.15, ರಾಜ್ಯದ್ದು ಶೇ 75.36. ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅದು ಶೇ 56.72 ಮಾತ್ರ. ಅಂದರೆ ಇಂದು ಸಾಲಿಗೆ ಹೋಗೋ ಎಷ್ಟೋ ಮಕ್ಕಳ ಅವ್ವಂದಿರಿಗೆ ಮಗುವಿನ ನೋಟ್‌ಬುಕ್ ತೆರೆದರೆ ಸರಿ-ತಪ್ಪು ಗೊತ್ತಾಗಲ್ಲ. "ಓದೇನ?" ಅಂತ ಕೇಳಬಹುದು, "ಎಲ್ಲಿ, ಓದಿ ತೋರಿಸು" ಅನ್ನೋಕಾಗಲ್ಲ. ಇದು ಅವ್ವನ ತಪ್ಪಲ್ಲ, ಅವಳಿಗೆ ಸಿಗದ ಸಾಲಿಯ ತಪ್ಪು.

2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲೂಕು ಹಿಂದುಳಿದಿವೆ ಅಂತ ಪಟ್ಟಿ ಮಾಡಿತು. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿ ನಾಲ್ಕೂ ಅದರಲ್ಲಿದ್ದವು. ಆ ವರದಿ ಬಂದಾಗ ಸಾಲಿಯಲ್ಲಿದ್ದ ಹುಡುಗ-ಹುಡುಗಿಯರೇ ಇವತ್ತಿನ ಅಪ್ಪ-ಅವ್ವ. ಹಿಂದುಳಿಯೋದು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟೋದು ಹೀಗೆ.

ದೀಪಾವಳಿಯಿಂದ ಯುಗಾದಿ ತನಕ ಖಾಲಿ ಬೆಂಚು

ನಮ್ಮ ಭಾಗದ ಮಕ್ಕಳ ಓದಿಗೆ ಬೀಳೋ ದೊಡ್ಡ ಹೊಡೆತ ಗುಳೆ. ದಸರಾ, ದೀಪಾವಳಿ ಮುಗೀತಿದ್ದಂಗೆ ಕಬ್ಬು ಕಡಿಯೋ ಗ್ಯಾಂಗುಗಳು ಹೊರಡ್ತವೆ. ಮುಕಾದಮನ ಹತ್ತಿರ ಅಡ್ವಾನ್ಸ್ ತಗೊಂಡ ಮೇಲೆ ಹೋಗದೆ ಇರೋಕಾಗಲ್ಲ. ತಾಂಡಾಗಳಿಂದ ಪುಣೆ, ಮುಂಬೈ, ಗೋವಾಕ್ಕೆ ಕಟ್ಟಡ ಕೆಲಸಕ್ಕೆ ಹೋಗೋ ಕುಟುಂಬಗಳೂ ಇವೆ. ವಾಪಸ್ ಬರೋದು ಯುಗಾದಿ ಹೊತ್ತಿಗೆ.

ಲೆಕ್ಕ ಹಾಕಿ ನೋಡಿ. ಸಾಲಿ ಶುರುವಾಗೋದು ಜೂನ್ ಹೊತ್ತಿಗೆ, ಮುಗಿಯೋದು ಏಪ್ರಿಲ್‌ನಲ್ಲಿ. ನವೆಂಬರ್‌ನಿಂದ ಮಾರ್ಚ್ ತನಕ ಮಗು ಕಬ್ಬಿನ ಗದ್ದೆಯಲ್ಲಿದ್ದರೆ ಅರ್ಧ ವರ್ಷದ ಪಾಠ ಹೋಯ್ತು. ನಾಲ್ಕನೇ ಕ್ಲಾಸಿನಲ್ಲಿ ಭಾಗಾಕಾರ ತಪ್ಪಿದವನಿಗೆ ಐದರಲ್ಲಿ ಭಿನ್ನರಾಶಿ ತಿಳಿಯಲ್ಲ, ಎಂಟರಲ್ಲಿ ಬೀಜಗಣಿತ ತಲೆಗೆ ಹತ್ತಲ್ಲ. ಹತ್ತನೇ ಕ್ಲಾಸಿನ ಮಾಸ್ತರು "ಇವನಿಗೆ ಬೇಸಿಕ್ಕೇ ಇಲ್ಲ" ಅಂತಾರೆ. ಆ ಬೇಸಿಕ್ ಕಳೆದದ್ದು ಆರು ವರ್ಷದ ಹಿಂದೆ, ಕಬ್ಬಿನ ಟ್ರ್ಯಾಕ್ಟರ್ ಹಿಂದೆ.

ಮಗುವನ್ನು ಅಜ್ಜ-ಆಯಿ ಹತ್ತಿರ ಬಿಟ್ಟು ಹೋದರೂ ಕಷ್ಟ ಪೂರ್ತಿ ಹೋಗಲ್ಲ. ಸಾಲಿಗೆ ಕಳಿಸ್ತಾರೆ, ಊಟ ಹಾಕ್ತಾರೆ, ಆದರೆ ಸಂಜೆ ಓದಿಗೆ ಕೂರಿಸೋರು ಯಾರು? ದೊಡ್ಡ ಹುಡುಗಿ ಇದ್ದರೆ ತಮ್ಮ-ತಂಗಿಯನ್ನು ನೋಡಿಕೊಳ್ಳೋದು, ನೀರು, ಅಡುಗೆ ಎಲ್ಲ ಅವಳ ತಲೆ ಮೇಲೆ.

ಇದರ ಮೇಲೆ ನದಿ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ದಂಡೆಯ ಊರುಗಳ ಜನ ಮನೆ ಬಿಟ್ಟು ಎತ್ತರದ ಜಾಗಕ್ಕೆ ಹೋಗಬೇಕಾಯ್ತು. ಅದು ಕೊರೊನಾದಿಂದ ಸಾಲಿಗಳೇ ಮುಚ್ಚಿದ್ದ ವರ್ಷ. ಮೊಬೈಲ್ ಇದ್ದವರು ಆನ್‌ಲೈನ್ ಪಾಠ ಕೇಳಿದರು, ಇಲ್ಲದವರು ಎಮ್ಮೆ ಕಾಯ್ದರು. ಆಗ ಐದನೇ ಕ್ಲಾಸಿನಲ್ಲಿದ್ದ ಮಕ್ಕಳೇ 2026ರಲ್ಲಿ ಎಸ್ಸೆಸ್ಸೆಲ್ಸಿ ತಲುಪೋ ಬ್ಯಾಚು.

ಮನೆ ಮಾತು, ಪುಸ್ತಕದ ಮಾತು

ತಾಂಡಾದ ಮಗು ಮನೆಯಲ್ಲಿ ಆಡೋದು ಲಂಬಾಣಿ. ಮುಸ್ಲಿಂ ಮನೆಗಳಲ್ಲಿ ದಖನಿ ಉರ್ದು. ಗಡಿ ಕಡೆ ಮರಾಠಿಯೂ ಇದೆ. ಕನ್ನಡದ ಮನೆಯಲ್ಲೂ "ಸಾಲಿಗಿ ಹೋಗಾಕತ್ತೀನಿ" ಅನ್ನೋ ಮಗು ಪುಸ್ತಕದಲ್ಲಿ "ಶಾಲೆಗೆ ಹೋಗುತ್ತಿದ್ದೇನೆ" ಅಂತ ಓದಬೇಕು. ಓದಿದ ಅಪ್ಪ-ಅವ್ವ, ಪೇಪರ್ ಬರೋ ಮನೆ ಇದ್ದರೆ ಪುಸ್ತಕದ ಭಾಷೆ ಮೊದಲೇ ಕಿವಿಗೆ ಬಿದ್ದಿರುತ್ತೆ. ಉಳಿದ ಮಕ್ಕಳಿಗೆ ಪಾಠ ತಿಳಿಯೋ ಮೊದಲು ಭಾಷೆ ತಿಳಿಯೋದೇ ಒಂದು ಕೆಲಸ. ಒಂದನೇ ಕ್ಲಾಸಿನಲ್ಲಿ ಸುಮ್ಮನೆ ಕೂತ ಮಗು ದಡ್ಡ ಅಲ್ಲ, ಬಹಳ ಸಲ ಅದಕ್ಕೆ ಮಾತು ತಿಳಿದಿರಲ್ಲ.

ಕಾಗದ ಗೊತ್ತಿದ್ದವರಿಗೆ ಸೀಟು

ಐದನೇ ಕ್ಲಾಸಿಗೆ ಬಂದ ಕೂಡಲೇ ಇನ್ನೊಂದು ಜರಡಿ ಶುರು. ಆಲಮಟ್ಟಿಯ ನವೋದಯ, ವಿಜಯಪುರದ ಸೈನಿಕ ಶಾಲೆ, ಮೊರಾರ್ಜಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆ, ಆದರ್ಶ ವಿದ್ಯಾಲಯ ಎಲ್ಲದಕ್ಕೂ ಆರನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ. ಇವುಗಳಲ್ಲಿ ಸೀಟು ಸಿಕ್ಕರೆ ಬಡವರ ಮಗುವಿನ ದಾರಿಯೇ ಬದಲಾಗುತ್ತೆ. ಮೊರಾರ್ಜಿ, ನವೋದಯಗಳನ್ನು ಮಾಡಿದ್ದೇ ಹಳ್ಳಿ ಮಕ್ಕಳಿಗೆ.

ಆದರೆ ಆ ಪರೀಕ್ಷೆಗೆ ಕೋಚಿಂಗ್ ಕ್ಲಾಸುಗಳು ಎದ್ದಿವೆ. ಫೀಸು ಕಟ್ಟೋ ಶಕ್ತಿ ಇದ್ದವರ ಮಕ್ಕಳು ವರ್ಷಗಟ್ಟಲೆ ಅದಕ್ಕೇ ತಯಾರಾಗ್ತಾರೆ. ಉಳಿದವರಿಗೆ ಅರ್ಜಿಯ ಕೊನೆ ದಿನಾಂಕವೇ ಗೊತ್ತಿರಲ್ಲ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, ಆಧಾರ್ ಹೆಸರು ಸಾಲಿ ದಾಖಲೆಗೆ ತಾಳೆ ಆಗಬೇಕು, ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ ಪೋರ್ಟಲ್, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ಒಂದು ಅಕ್ಷರ ತಪ್ಪಿದರೆ ರೊಕ್ಕ ಬರಲ್ಲ. ಕೂಲಿ ಬಿಟ್ಟು ನಾಲ್ಕು ಸಲ ಓಡಾಡೋಕಾಗದ ಅಪ್ಪ ಐದನೇ ಸಲ ಕೈ ಬಿಡ್ತಾನೆ.

ಸೇತುವೆ ಆಚೆ-ಈಚೆಯ ವ್ಯತ್ಯಾಸವೂ ಇದೆ. ಸಂವಿಧಾನದ 371(ಜೆ) ವಿಧಿ ಪ್ರಕಾರ ಕಲಬುರಗಿ ವಿಭಾಗದ ಜಿಲ್ಲೆಗಳ ಮಕ್ಕಳಿಗೆ ತಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಮೀಸಲು. ಭೀಮಾ ಆಚೆಯ ಅಫಜಲಪುರಕ್ಕೆ ಅದು ಇದೆ, ವಿಜಯಪುರ ಜಿಲ್ಲೆಗೆ ಇಲ್ಲ. ಬಿಸಿಲು ಅದೇ, ಹೊಲ ಅದೇ, ಕಬ್ಬು ಅದೇ. ಈ ದಂಡೆಯ ಮಗು ಅದೇ ಸೀಟಿಗೆ ಹೆಚ್ಚು ಅಂಕ ತರಬೇಕು.

ಮಾಸ್ತರ ಕಣ್ಣಿನಲ್ಲಿ ಮಗು

ಇಷ್ಟು ಮನೆಯ ಮಾತಾಯ್ತು. ಈಗ ಸಾಲಿಯೊಳಗೆ.

1968ರಲ್ಲಿ ಅಮೆರಿಕದ ರಾಬರ್ಟ್ ರೋಸೆಂತಾಲ್ ಮತ್ತು ಲೆನೋರ್ ಜೇಕಬ್ಸನ್ ಒಂದು ಪ್ರಯೋಗದ ಪುಸ್ತಕ ತಂದರು. ಶಾಲೆಯೊಂದರಲ್ಲಿ ಮಕ್ಕಳಿಗೆ ಪರೀಕ್ಷೆ ಮಾಡಿ, "ಈ ಮಕ್ಕಳು ಈ ವರ್ಷ ಭಾಳ ಮುಂದೆ ಬರ್ತಾರೆ" ಅಂತ ಶಿಕ್ಷಕರಿಗೆ ಒಂದು ಪಟ್ಟಿ ಕೊಟ್ಟರು. ಅಸಲಿಗೆ ಆ ಹೆಸರುಗಳನ್ನು ಚೀಟಿ ಎತ್ತಿದಂಗೆ ಆರಿಸಿದ್ದರು. ವರ್ಷದ ಕೊನೆಗೆ ನೋಡಿದರೆ ಸಣ್ಣ ಕ್ಲಾಸುಗಳಲ್ಲಿ ಪಟ್ಟಿಯಲ್ಲಿದ್ದ ಮಕ್ಕಳು ನಿಜವಾಗಿಯೂ ಮುಂದೆ ಹೋಗಿದ್ದರು. ಶಿಕ್ಷಕರು ಬೇಕಂತಲೇ ಭೇದ ಮಾಡಿರಲಿಲ್ಲ. "ಇವನು ಕಲೀತಾನೆ" ಅನ್ನೋ ನಂಬಿಕೆ ಇದ್ದ ಮಗುವಿಗೆ ಗೊತ್ತಿಲ್ಲದೇ ಹೆಚ್ಚು ಪ್ರಶ್ನೆ, ಹೆಚ್ಚು ನಗು ಸಿಕ್ಕಿರಬಹುದು. ಈ ಪರಿಣಾಮ ಅಷ್ಟು ದೊಡ್ಡದಲ್ಲ ಅಂತ ಆಮೇಲೆ ಕೆಲವರು ವಾದಿಸಿದರು. ಆದರೂ ಮಾಸ್ತರ ನಂಬಿಕೆಗೆ ಬೆಲೆ ಇದೆ.

ನಮ್ಮ ದೇಶದ್ದೇ ಇನ್ನೊಂದು ಪ್ರಯೋಗ ಇದಕ್ಕಿಂತ ಗಟ್ಟಿ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅನ್ನೋ ಸಂಶೋಧಕರು ಉತ್ತರ ಪ್ರದೇಶದ ಹಳ್ಳಿಗಳ ಆರು-ಏಳನೇ ಕ್ಲಾಸಿನ 642 ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕೋ ಆಟ ಕೊಟ್ಟು, ಬಿಡಿಸಿದ್ದಕ್ಕೆ ರೊಕ್ಕ ಕೊಟ್ಟರು. ಅರ್ಧ ಮಂದಿ ಮೇಲ್ಜಾತಿ, ಅರ್ಧ ಮಂದಿ ದಲಿತರು. ಜಾತಿ ಹೇಳದೇ ಇದ್ದಾಗ ಇಬ್ಬರೂ ಹೆಚ್ಚುಕಮ್ಮಿ ಸಮಸಮ ಬಿಡಿಸಿದರು. ಆಟಕ್ಕೆ ಮೊದಲು ಎಲ್ಲರ ಮುಂದೆ ಹೆಸರಿನ ಜೊತೆ ಜಾತಿ ಓದಿದಾಗ ದಲಿತ ಹುಡುಗರ ಸಾಧನೆ ತಟ್ಟನೆ ಕುಸಿಯಿತು. ಹುಡುಗರು ಅವರೇ, ತಲೆ ಅದೇ. ಬದಲಾಗಿದ್ದು ಒಂದು ಮಾತು.

ಇದನ್ನು ಓದಿದವರು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಸ್ಕಾಲರ್‌ಶಿಪ್ ಪಟ್ಟಿ ಮಾಡುವಾಗ ಕ್ಲಾಸಿನಲ್ಲಿ ಎಲ್ಲರ ಮುಂದೆ "ಎಸ್ಸಿ, ಎಸ್ಟಿ ಹುಡುಗ್ರು ಎದ್ದ ನಿಲ್ರಿ" ಅನ್ನೋದು ಬೇಕಾ? ಅದೇ ಕೆಲಸ ಆಫೀಸ್ ರೂಮಿನಲ್ಲಿ ದಾಖಲೆ ನೋಡಿ ಮುಗಿಸಬಹುದು. ಕಾರಕೂನಿಕೆಗೆ ಅದು ಒಂದು ನಿಮಿಷದ ಉಳಿತಾಯ, ಮಗುವಿಗೆ ವರ್ಷಗಟ್ಟಲೆ ನೆನಪು.

ಮಾಸ್ತರರ ಕಡೆಯಿಂದಲೂ ನೋಡಬೇಕು. ಹುದ್ದೆ ಖಾಲಿ ಇದ್ದಲ್ಲಿ ಅತಿಥಿ ಶಿಕ್ಷಕರು ಬರ್ತಾರೆ. ಅವರ ನೇಮಕ ವರ್ಷವರ್ಷ ಹೊಸದು, ಗೌರವಧನ ಕಮ್ಮಿ. ಮಗುವಿನ ಮನೆ, ಮನಸ್ಸು ತಿಳಿಯೋ ಹೊತ್ತಿಗೆ ವರ್ಷ ಮುಗಿದಿರುತ್ತೆ. ಒಬ್ಬರೇ ಎರಡು-ಮೂರು ಕ್ಲಾಸು ಕೂಡಿಸಿ ಕಲಿಸೋ ಕಡೆ, ಹಿಂದಿನ ಬೆಂಚಿನ ಮಗುವನ್ನು ಹೆಸರು ಹಿಡಿದು ಕರೆಯೋಕೂ ಪುರುಸೊತ್ತು ಸಿಗಲ್ಲ. ಬಿಸಿಯೂಟ, ಮೊಟ್ಟೆ ಲೆಕ್ಕ, ಆನ್‌ಲೈನ್ ಎಂಟ್ರಿ ಬೇರೆ.

ಅಪ್ಪ-ಅವ್ವಂದಿರು ಒಬ್ಬರಿಗೊಬ್ಬರು ಗೊತ್ತಿದ್ದರೆ

ಅದೇ ಕೋಲ್ಮನ್ 1988ರಲ್ಲಿ ಮತ್ತೊಂದು ವಿಷಯ ಬರೆದ. ಹೈಸ್ಕೂಲ್ ಮಕ್ಕಳಲ್ಲಿ ನಡುವೆ ಸಾಲಿ ಬಿಟ್ಟವರು ಸರ್ಕಾರಿ ಶಾಲೆಗಳಲ್ಲಿ ಶೇ 14.4, ಇತರ ಖಾಸಗಿ ಶಾಲೆಗಳಲ್ಲಿ ಶೇ 11.9. ಚರ್ಚ್ ನಡೆಸೋ ಕ್ಯಾಥೊಲಿಕ್ ಶಾಲೆಗಳಲ್ಲಿ ಬರೀ ಶೇ 3.4. ಬರೀ ಫೀಸಿನಿಂದಲೇ ಈ ವ್ಯತ್ಯಾಸ ಆಗಿದ್ದರೆ ಎಲ್ಲ ಖಾಸಗಿ ಶಾಲೆಯಲ್ಲೂ ಕಮ್ಮಿ ಇರಬೇಕಿತ್ತು. ಕೋಲ್ಮನ್ ಕೊಟ್ಟ ಕಾರಣ ಇದು: ಚರ್ಚ್ ಶಾಲೆಗಳಲ್ಲಿ ಮಕ್ಕಳ ಅಪ್ಪ-ಅವ್ವಂದಿರು ಭಾನುವಾರ ಒಂದೇ ಕಡೆ ಸೇರ್ತಾರೆ, ಒಬ್ಬರ ಮಗು ಇನ್ನೊಬ್ಬರಿಗೆ ಗೊತ್ತು, ಶಿಕ್ಷಕರೂ ಗೊತ್ತು. ಮಗು ಎರಡು ದಿನ ಕಾಣದಿದ್ದರೆ ಯಾರಾದರೂ ಕೇಳ್ತಾರೆ.

ಹಳ್ಳಿಯಲ್ಲಿ ಈ ಬಂಡವಾಳ ನಮಗೆ ಪುಕ್ಕಟೆ ಇದೆ. ಜಾತ್ರೆ, ಸಂತೆ, ಮದುವೆಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಆದರೆ ಅದು ಸಾಲಿ ಗೇಟಿನ ಒಳಗೆ ಬರೋದು ಕಮ್ಮಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧ ಮಂದಿ ಹೆಣ್ಣುಮಕ್ಕಳು ಇರಬೇಕು. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ 2001ರಿಂದಲೇ ಇದೆ. ಸಮಿತಿಯ ಸಭೆ ಬರೀ ಕಾಂಪೌಂಡ್, ಬೋರು, ಕಟ್ಟಡದ ಬಿಲ್ಲಿಗೆ ಮುಗಿದರೆ ಮಕ್ಕಳ ಓದಿನ ಮಾತು ಯಾವಾಗ? "ಈ ತಿಂಗಳು ಯಾವ ಮಗು ಎಷ್ಟು ದಿನ ಬಂದಿಲ್ಲ, ಯಾಕೆ?" ಅನ್ನೋ ಒಂದು ಪ್ರಶ್ನೆ ಪ್ರತಿ ಸಭೆಯಲ್ಲಿ ಕೇಳಿದರೆ ಸಾಕು.

ಹುಡುಗಿಯರ ಓದು

ಹೈಸ್ಕೂಲ್, ಪಿಯುಸಿಗೆ ಬೇರೆ ಊರಿಗೆ ಹೋಗಬೇಕಾದಾಗ ಮೊದಲು ನಿಲ್ಲೋದು ಹುಡುಗಿಯ ಓದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಪುಕ್ಕಟೆ ಆಯ್ತು, ಅದು ದೊಡ್ಡ ಅನುಕೂಲ. ಆದರೆ ಟಿಕೆಟ್ ಇಲ್ಲ ಅಂದ್ರೆ ಸಾಲದು, ಸಾಲಿ ಟೈಮಿಗೆ ಬಸ್ಸೂ ಬರಬೇಕು. ಬಸ್ ಲೇಟಾಗಿ ಕತ್ತಲಾದ ಮೇಲೆ ಮಗಳು ಮನೆಗೆ ಬಂದರೆ "ಇನ್ನ ಸಾಕ ಬಿಡ" ಅನ್ನೋ ಮಾತು ಬೇಗ ಬರುತ್ತೆ. ಎಂಟನೇ ಕ್ಲಾಸಿನವರಿಗೆ ಕೊಡ್ತಿದ್ದ ಸೈಕಲ್ಲೂ ಕೆಲವು ವರ್ಷದಿಂದ ನಿಂತಿದೆ.

ಹಾಗಾದರೆ ಮಾಡೋದೇನು?

ಮನೆಯ ಹಿನ್ನೆಲೆ ಒಂದು ವರ್ಷದಲ್ಲಿ ಬದಲಾಗಲ್ಲ. ಆದರೆ ಸಂಬಂಧಗಳು ಬದಲಾಗಬಹುದು, ಅದಕ್ಕೆ ಟೆಂಡರ್ ಬೇಕಿಲ್ಲ.

*ದುಡಿಯೋಕೆ ಹೋಗೋ ಪಾಲಕರು:* ಹೊರಡೋ ಮೊದಲು ಹೆಡ್ ಮಾಸ್ತರಿಗೆ ತಿಳಿಸಿ. ಹೋಗೋ ಊರಿನ ಸರ್ಕಾರಿ ಶಾಲೆಯಲ್ಲಿ ವರ್ಷದ ನಡುವೆಯೂ ಸೇರಿಸಬಹುದು, ಟಿಸಿ ಬಂದಿಲ್ಲ ಅಂತ 14 ವರ್ಷದೊಳಗಿನ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ವಾಪಸ್ ಬಂದಾಗಲೂ ವಯಸ್ಸಿಗೆ ತಕ್ಕ ಕ್ಲಾಸಿನಲ್ಲೇ ಕೂರಿಸಬೇಕು, ತಪ್ಪಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು ಅಂತ ಕಾಯ್ದೆ ಹೇಳುತ್ತೆ. ಊರಲ್ಲೇ ಬಿಡೋದಾದರೆ ವಸತಿ ನಿಲಯದ ಸೌಲಭ್ಯ ಇದೆಯಾ ಅಂತ ಕೇಳಿ. ವಾರಕ್ಕೊಮ್ಮೆ ಮಾಸ್ತರಿಗೆ ಫೋನ್ ಮಾಡಿದರೂ ಮಗುವಿನ ಮೇಲೆ ಅವರ ಕಣ್ಣು ಇರುತ್ತೆ.

*ಓದು ಬರದ ಅವ್ವಂದಿರು:* ದಿನಾ ಹದಿನೈದು ನಿಮಿಷ ಮಗುವಿನ ಪಕ್ಕ ಕೂತು "ಇವತ್ತ ಏನ್ ಕಲಿಸ್ಯಾರ, ನನಗ ಹೇಳು" ಅನ್ನಿ. ನಿಮಗೆ ತಿಳಿಯಬೇಕಂತಿಲ್ಲ. ಹೇಳುವಾಗ ಮಗುವಿಗೇ ತಿಳಿಯುತ್ತೆ.

*ಅಂಗಡಿಯವರು:* ಹೋಟೆಲ್, ಗ್ಯಾರೇಜ್, ಕಿರಾಣಿಯಲ್ಲಿ ಸಾಲಿ ಹೊತ್ತಿಗೆ ಹುಡುಗ ನಿಂತಿದ್ದರೆ ಮೊದಲು ಗೊತ್ತಾಗೋದು ಅಂಗಡಿಯವರಿಗೆ. 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಂಡರೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ. "ಪಾಪ, ಬಡವರ ಹುಡುಗ ನಾಲ್ಕ ರೂಪಾಯಿ ದುಡೀಲಿ" ಅನ್ನೋ ಕರುಣೆ ಆ ಹುಡುಗನ ಹತ್ತು ವರ್ಷ ತಿನ್ನುತ್ತೆ. ಕಂಡರೆ 1098ಕ್ಕೆ ಫೋನ್ ಮಾಡಬಹುದು, ಅದು ಮಕ್ಕಳ ಸಹಾಯವಾಣಿ. ಜೆರಾಕ್ಸ್, ಗ್ರಾಮ ಒನ್ ನಡೆಸೋರು ಮೊರಾರ್ಜಿ, ನವೋದಯ, ಸ್ಕಾಲರ್‌ಶಿಪ್ ಅರ್ಜಿಯ ಕೊನೆ ದಿನಾಂಕ ಬರೆದು ಬಾಗಿಲಿಗೆ ಅಂಟಿಸಿದರೆ ಎಷ್ಟೋ ಮನೆಗೆ ಉಪಕಾರ.

*ಮಾಸ್ತರು, ಅಕ್ಕೋರು:* ಎರಡು ದಿನ ಬಾರದ ಮಗುವಿನ ಮನೆಗೆ ಮೂರನೇ ದಿನ ಒಬ್ಬ ಗೆಳೆಯನನ್ನಾದರೂ ಕಳಿಸಿ. ಹಿಂದಿನ ಬೆಂಚಿನವನಿಗೆ ದಿನಕ್ಕೆ ಒಂದು ಪ್ರಶ್ನೆ, ಅವನಿಗೆ ಉತ್ತರ ಬರೋವಂಥದ್ದು ಕೇಳಿ.

*ಫೇಲಾದವರು:* ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಪದ್ಧತಿ ಬಂದಿದೆ. ಮೊದಲ ಪರೀಕ್ಷೆಯಲ್ಲಿ ಹೋದ ವಿಷಯ ಅದೇ ವರ್ಷ ಮತ್ತೆ ಬರೆದು, ಅದೇ ವರ್ಷ ಪಿಯುಸಿಗೆ ಸೇರಬಹುದು. ರಿಸಲ್ಟ್ ಬಂದ ವಾರದಲ್ಲೇ ಪುಣೆ ಬಸ್ ಹತ್ತಿಸಬೇಡಿ.

1910ರಲ್ಲಿ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಬಿಎಲ್‌ಡಿಇ ಸಂಸ್ಥೆ ಹುಟ್ಟುಹಾಕಿದಾಗ ಈ ಜಿಲ್ಲೆ ಬರಗಾಲದ ನಾಡು. ಆಗಲೂ ಓದು ಇಲ್ಲದ ಮನೆಗಳ ಮಕ್ಕಳೇ ಹೆಚ್ಚು. ಆ ಮಕ್ಕಳು ಓದಿದ್ದು ಮನೆಯಲ್ಲಿ ಇಲ್ಲದ್ದನ್ನು ಯಾರೋ ಹೊರಗಿನವರು ಕೊಟ್ಟಿದ್ದರಿಂದ.

ಈ ಸಲವೂ ದೀಪಾವಳಿ ಆದ ಮೇಲೆ ಟ್ರ್ಯಾಕ್ಟರ್‌ಗಳು ಹೊರಡ್ತವೆ. ಅದರಲ್ಲಿ ಕೂತು ಹೋಗೋ ಮಕ್ಕಳ ಹೆಸರು ಸಾಲಿ ಹಾಜರಿ ಪುಸ್ತಕದಲ್ಲಿ ಹಾಗೇ ಇರುತ್ತೆ. ಎಷ್ಟು ಮಂದಿ ಹೋದರು, ಎಷ್ಟು ಮಂದಿ ವಾಪಸ್ ಬಂದು ಬೆಂಚಿಗೆ ಕೂತರು ಅಂತ ಊರೇ ಎಣಿಸಬೇಕು.